ಕಂಟ್ರೋಲ್ ಕಾರಿನ ಕೂಗು

ಆ ಕಾರು ಮಳವಳ್ಳಿ ರಸ್ತೆಯಲ್ಲಿ ಇನ್ನೂ ಒಂದು ಮೈಲಿ ದೂರದಲ್ಲಿರುವಾಗಲೇ ಮದ್ದೂರಿಗೆ ಕೇಳಿಸುತ್ತಿತ್ತು. ಮೊದಲು ಸಣ್ಣಗೆ ಒಂದು ಕೀರಲು. ಆಮೇಲೆ ಹಠ ಹಿಡಿದ ಕೂಸು ಉಸಿರು ಕಟ್ಟಿ ಅಳುವ ಹಾಗೆ ಉದ್ದಕ್ಕೆ ಎಳೆದ ಒಂದೇ ಕೂಗು. ಕಾರು ಊರೊಳಗೆ ಬಂದು ನಿಂತ ಮೇಲೂ ಸ್ವಲ್ಪ ಹೊತ್ತು ಅದು ಜನರ ಕಿವಿಯಲ್ಲಿ ಓಡುತ್ತಲೇ ಇರುತ್ತಿತ್ತು.

ಯುದ್ಧದ ಐದನೆಯ ವರ್ಷ. ಅಕ್ಕಿ, ರಾಗಿ, ಸಕ್ಕರೆ, ಸೀಮೆಎಣ್ಣೆ ಎಲ್ಲಕ್ಕೂ ಕಂಟ್ರೋಲು ಬಂದಿತ್ತು. ಆ ಕಾರಿನಲ್ಲಿ ಓಡಾಡುತ್ತಿದ್ದವರು ಆಹಾರ ಕಂಟ್ರೋಲಿನ ಅಧಿಕಾರಿ ಮಹದೇವಯ್ಯನವರು. ಮನೆಯಲ್ಲಿ ಪಾಲಿಗಿಂತ ಹೆಚ್ಚು ಅಕ್ಕಿ ಇಟ್ಟುಕೊಂಡವರನ್ನು ಹಿಡಿಯುವುದು ಅವರ ಕೆಲಸ. ಲಂಚ ಮುಟ್ಟದ, ಗಟ್ಟಿಯಾಗಿ ನಗದ, ಕಂಡವರ ಮನೆಯಲ್ಲಿ ನೀರು ಕೂಡ ಕುಡಿಯದ ಮನುಷ್ಯ. ಕಾರು ಮಾತ್ರ ಅವರ ಸ್ವಭಾವಕ್ಕೆ ಹೊಂದುವಂಥದ್ದಲ್ಲ. ಶಿವನಸಮುದ್ರದ ಕಡೆ ಇದ್ದ ಒಬ್ಬ ಬಿಳಿ ಇಂಜಿನಿಯರು ಅದನ್ನು ಶೋಕಿಗೆ ತರಿಸಿಕೊಂಡಿದ್ದ. ಎಂಜಿನ್ನಿಗೆ ಅದರ ಉಸಿರು ಸಾಲದೆಂದು ಮೇಲಿಂದ ಗಾಳಿ ಊದುವ ಬ್ಲೋವರ್ ಎಂಬ ಯಂತ್ರವೊಂದನ್ನೂ ಕೂಡಿಸಿದ್ದ. ಅವನು ಯುದ್ಧಕ್ಕೆ ಹೋದ, ಕಾರು ಸರ್ಕಾರಕ್ಕೆ ಬಂತು, ಸರ್ಕಾರ ಅದನ್ನು ಅಕ್ಕಿ ಹಿಡಿಯಲು ಕೊಟ್ಟಿತು. ಸುತ್ತಲಿನ ಮೂರು ತಾಲ್ಲೂಕಿನಲ್ಲಿ ಅದರಷ್ಟು ಜೋರಾಗಿ ಓಡುವ ಕಾರು ಇನ್ನೊಂದಿರಲಿಲ್ಲ. ಅದರಷ್ಟು ಜೋರಾಗಿ ಕೂಗುವುದೂ ಇರಲಿಲ್ಲ.

ಬುಧವಾರ ಬೆಳಿಗ್ಗೆ ಎಂಟು ಗಂಟೆಗೆ ಆ ಕೂಗು ದಸ್ತಗೀರನ ಷೆಡ್ಡಿನ ಮುಂದೆ ಬಂದು ನಿಂತಿತು.

ದಸ್ತಗೀರ ಇಪ್ಪತ್ತು ವರ್ಷದಿಂದ ಮದ್ದೂರಿನಲ್ಲಿ ಬಸ್ಸು, ಲಾರಿ, ಅಕ್ಕಿ ಗಿರಣಿಯ ಎಂಜಿನ್ನು ರಿಪೇರಿ ಮಾಡಿಕೊಂಡು ಬಂದವನು. ಯಂತ್ರದಿಂದ ಬರಬಾರದ ಶಬ್ದ ಬಂದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಪಕ್ಕದ ಮನೆಯ ಬಾಗಿಲು ಕಿರುಗುಟ್ಟಿದರೂ ಎಣ್ಣೆಯ ಕುಪ್ಪಿ ಹಿಡಿದು ಹೊರಟುಬಿಡುವವನು. ಅವನಲ್ಲಿ ಇನ್ನೊಂದು ಗುಣವೂ ಇತ್ತು. ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲುತ್ತಿರಲಿಲ್ಲ. ಹಿಂದಿನ ವರ್ಷ ಮಹದೇವಯ್ಯನವರು ಪಂಕ್ಚರ್ ಹಾಕಿಸಲು ನಿಂತಾಗ ಅವನು ಎದುರು ಹೋಟೆಲಿನ ದೇವೀರಮ್ಮನ ಇಡ್ಲಿಯನ್ನು ಮನಸಾರೆ ಹೊಗಳಿ, "ಚಿಕ್ಕರಸಿನಕೆರೆಯಿಂದ ಅಕ್ಕಿ ತರಿಸ್ತಾರೆ ಸಾಹೇಬ್ರೇ, ಅದ್ಕೇ ಅಷ್ಟು ಮೆತ್ತಗಿರೋದು" ಎಂದಿದ್ದ. ಅಂದೇ ದೇವೀರಮ್ಮನ ಅಟ್ಟದಲ್ಲಿದ್ದ ಹತ್ತು ಸೇರು ಅಕ್ಕಿ ಸರ್ಕಾರದ ಪಾಲಾಯಿತು. ಅವನು ಚಾಡಿ ಹೇಳಿರಲಿಲ್ಲ, ಹೊಗಳಿದ್ದ. ಆದರೂ ಅಂದಿನಿಂದ ಅವನ ಹೆಂಡತಿ ಜೈನಾಬ್ ಬೀಯೂ ಸೇರಿದಂತೆ ಎಲ್ಲರೂ ಅವನಿಗೆ ಮುಖ್ಯವಾದ ಮಾತು ಹೇಳುವುದನ್ನೇ ನಿಲ್ಲಿಸಿದ್ದರು. ಇದು ಅವನಿಗೆ ಗೊತ್ತಿರಲಿಲ್ಲ, ಏಕೆಂದರೆ ಅದನ್ನೂ ಅವನಿಗೆ ಯಾರೂ ಹೇಳಿರಲಿಲ್ಲ.

ಮಹದೇವಯ್ಯನವರು ಕಾರಿನಿಂದ ಇಳಿದು ಎರಡು ಕಿವಿಗಳಿಂದಲೂ ಹತ್ತಿ ತೆಗೆದು ಜೇಬಿಗೆ ಹಾಕಿಕೊಂಡರು.

"ದಸ್ತಗೀರ್, ಈ ಶಬ್ದ ನಿಲ್ಲಿಸೋಕೆ ಸಾಧ್ಯವೇ? ಮಂಡ್ಯದಲ್ಲಿ ಮೂರು ಜನ ನೋಡಿದರು. ನಾನು ರಾತ್ರಿ ಮಲಗಿದರೂ ಕೇಳಿಸುತ್ತೆ."

"ಮನುಷ್ಯ ಮಾಡಿದ ಮೆಷೀನು ಸಾಹೇಬ್ರೇ, ಯಾಕಾಗಲ್ಲ? ಸಂಜೆಗೆ ಕೊಡ್ತೀನಿ" ಎಂದ ದಸ್ತಗೀರ. ಆಮೇಲೆ ಕೈಯೊರೆಸಿಕೊಂಡು, ದನಿ ತಗ್ಗಿಸಿ, "ನನ್ನ ಅರ್ಜಿ ಏನಾಯ್ತು ಸಾಹೇಬ್ರೇ? ಭಾನ್ವಾರವೇ ನಿಕಾಹು" ಎಂದು ಕೇಳಿದ.

ಅವನ ಒಬ್ಬಳೇ ಮಗಳು ಶಮೀಮ್ ಬಾನುವಿಗೆ ಚನ್ನಪಟ್ಟಣದಲ್ಲಿ ಗಂಡು ಗೊತ್ತಾಗಿತ್ತು. ಹುಡುಗ ಚಿನ್ನದಂಥವನು. ಹುಡುಗನ ತಾಯಿ ಹಬೀಬುನ್ನೀಸಾ ಮಾತ್ರ ಹೇಳಿ ಕಳಿಸಿದ್ದಳು: ಅರವತ್ತು ಜನ ಬರುತ್ತೇವೆ, ಪಲಾವು ಇಲ್ಲದ ನಿಕಾಹು ನಮ್ಮ ವಂಶದಲ್ಲಿ ನಡೆದಿಲ್ಲ, ಮುದ್ದೆ ಉಣ್ಣಿಸುವುದಾದರೆ ಈಗಲೇ ತಿಳಿಸಿ, ನಾವು ಹೊರಡುವುದೇ ಇಲ್ಲ. ಮದುವೆಗೆಂದು ಐವತ್ತು ಸೇರು ಅಕ್ಕಿ ಕೊಡಿಸಬೇಕೆಂದು ದಸ್ತಗೀರ ಅರ್ಜಿ ಹಾಕಿ ತಿಂಗಳಾಗಿತ್ತು. ಮನೆಯ ವಾರದ ಪಾಲಿನ ಅಕ್ಕಿ ಆಗಲೇ ಮುಗಿದಿತ್ತು. ಉಳಿದದ್ದು ರಾಗಿ ಮಾತ್ರ.

"ಕಾಗದ ಮಂಡ್ಯ ಕಚೇರಿಯಲ್ಲಿದೆ" ಎಂದರು ಮಹದೇವಯ್ಯನವರು. "ಇವತ್ತು ನಾನು ಬಸ್ಸಿನಲ್ಲಿ ಹೋಗಿ ತರುತ್ತೇನೆ. ಆದರೆ ಅರ್ಜಿ ಹಾಕಿದವರ ಮನೆ ಕಣ್ಣಾರೆ ನೋಡದೆ ನಾನು ರುಜು ಹಾಕುವ ಹಾಗಿಲ್ಲ, ಅದು ರೂಲ್ಸು. ಸಂಜೆ ಕಾರು ಸಿದ್ಧವಾಗಿದ್ದರೆ ನಿಮ್ಮ ಮನೆಗೆ ಹೋಗಿ, ನೋಡಿ, ಅಲ್ಲೇ ಕೊಟ್ಟು ಮಳವಳ್ಳಿಗೆ ಹೋಗುತ್ತೇನೆ. ಸಿದ್ಧವಾಗದಿದ್ದರೆ ಕೊನೆಯ ಬಸ್ಸು ಹಿಡಿಯಬೇಕು. ಮತ್ತೆ ನಾನು ಈ ಕಡೆ ಬರುವುದು ಮುಂದಿನ ವಾರವೇ."

"ನೋಡೋಕೇನದೆ ಸಾಹೇಬ್ರೇ ನನ್ನ ಮನೇಲಿ, ಬರೀ ಮಡಕೆ" ಎಂದು ದಸ್ತಗೀರ ನಿಜವನ್ನೇ ಹೇಳಿದ.

ಮಹದೇವಯ್ಯನವರು ಬಸ್ಸು ಹತ್ತಿದ್ದೇ ತಡ, ಅವನು ಬಾನೆಟ್ಟು ಎತ್ತಿದ. ಒಂದೇ ಬೆಲ್ಟು ಪುಲ್ಲಿ ಎಂಬ ನಾಲ್ಕು ಕಬ್ಬಿಣದ ರಾಟೆಗಳನ್ನು ಸುತ್ತಿ ಬಂದಿತ್ತು. ಕೆಳಗೆ ಎಂಜಿನ್ನಿನ ದೊಡ್ಡ ಪುಲ್ಲಿ, ಪಕ್ಕದಲ್ಲಿ ಡೈನಮೋ, ಮೇಲೆ ಬ್ಲೋವರು, ನಡುವೆ ಬೆಲ್ಟು ಸಡಿಲವಾಗದಂತೆ ಒತ್ತಿ ಹಿಡಿಯುವ ಅಂಗೈಯಗಲದ ಪುಟ್ಟ ಪುಲ್ಲಿ. ಕೂಗುತ್ತಿರುವುದು ಇವುಗಳಲ್ಲಿ ಯಾವುದು ಎಂಬುದೇ ಪ್ರಶ್ನೆ. ಅವನು ಎಂಜಿನ್ನು ಚಾಲೂ ಮಾಡಿ, ಚೆಂಬಿನಿಂದ ಬೆಲ್ಟಿನ ಮೇಲೆ ನೀರು ಚಿಮುಕಿಸಿದ. ಕೂಗು ಒಂದು ಗಳಿಗೆ ನಿಂತು ಮತ್ತೆ ಎದ್ದಿತು. ಅವನು ಕಣ್ಣು ಮುಚ್ಚಿಕೊಂಡು ಅದನ್ನು ಕೇಳಿದ. ನಾಡಿ ಹಿಡಿದ ಹಕೀಮನ ಮುಖದ ಮೇಲೆ ಇರುವಂಥ ಗಾಂಭೀರ್ಯ ಅವನ ಮುಖದ ಮೇಲಿತ್ತು.

"ನಿಮ್ದು ಮದ್ವೆ ಮನೆ ಸಾಬ್ರೇ" ಎಂದು ದನಿ ಬಂತು. ದೇವೀರಮ್ಮ ಬೆಲ್ಲದ ಕಾಫಿಯ ಲೋಟ ಹಿಡಿದು ನಿಂತಿದ್ದಳು. ಆ ಹತ್ತು ಸೇರು ಹೋದ ಮೇಲೆ ಅವಳು ಕೇಳದೆ ಕಾಫಿ ಕೊಟ್ಟದ್ದು ಇದೇ ಮೊದಲು.

"ಹೌದು ದೇವೀರಮ್ಮ, ಅದ್ಕೇ ಅವಸರ."

"ಅದ್ಕೇ ಯೋಳ್ತಿರೋದು. ಮದ್ವೆ ಮನೆಯೋರು ಕೂಗೋದ್ರ ಬಾಯಿ ಮುಚ್ಚಬಾರ್ದು ಕಣಪ್ಪ. ಕೂಗೋ ಕೋಳಿಯಾಗ್ಲಿ, ಅಳೋ ಮಗವಾಗ್ಲಿ, ಕಾರಾಗ್ಲಿ. ಭಾನ್ವಾರ ಕಳ್ದು ಸೋಮವಾರ ಮಾಡಿದ್ರೆ ಏನು ಗಂಟು ಓಯ್ತದೆ?"

ಇಂಥ ಶಾಸ್ತ್ರವನ್ನು ದಸ್ತಗೀರ ಎಲ್ಲೂ ಕೇಳಿರಲಿಲ್ಲ. ಕಾಫಿ ಕುಡಿದು, ಲೋಟ ಕೊಟ್ಟು, "ಕಬ್ಬಿಣಕ್ಕೆ ಶಾಸ್ತ್ರ ಇಲ್ಲ ಕಣಮ್ಮ" ಎಂದು ಮತ್ತೆ ಬಗ್ಗಿದ. ದೇವೀರಮ್ಮ ರಸ್ತೆಯಾಚೆ ಹೋಗಿ ಯಾರಿಗೋ ಏನೋ ಹೇಳಿದ್ದು ಅವನಿಗೆ ಕಾಣಲಿಲ್ಲ.

ಸ್ವಲ್ಪ ಹೊತ್ತಿಗೆ ಪಕ್ಕದ ಷೆಡ್ಡಿನ ಬಡಗಿ ನಿಂಗಯ್ಯ ಬಂದ. ದಸ್ತಗೀರನ ವಾರಿಗೆಯವನು, ಗಾಡಿಯ ಚಕ್ರ ಮಾಡುವುದರಲ್ಲಿ ದುದ್ದದವರೆಗೂ ಹೆಸರು ಮಾಡಿದವನು. ಕಾರನ್ನು ಮೂರು ಸುತ್ತು ಹಾಕಿ, ಚಕ್ರಕ್ಕೆ ಕಿವಿಗೊಟ್ಟು, "ಲೇ ದಸ್ತಗೀರ, ಎಂಜಿನ್ ಅಲ್ಲ ಕಣ್ಲಾ ಇದು. ಚಕ್ರ. ನಾನು ಚಕ್ರದೋನು, ನಂಗೆ ಗೊತ್ತಿಲ್ವಾ? ನಾಕೂ ಬಿಚ್ಚಿ ಗ್ರೀಸು ತುಂಬು" ಎಂದ.

"ಕಾರು ನಿಂತೇ ಅದೆ, ಚಕ್ರ ತಿರುಗ್ತಾನೇ ಇಲ್ಲ. ಆದ್ರೂ ಕೂಗ್ತದಲ್ಲ ನಿಂಗಯ್ಯ?"

ನಿಂಗಯ್ಯ ಒಂದು ಕ್ಷಣ ಯೋಚಿಸಿದ. "ತಿರುಗಬೇಕೂಂತ ಕೂಗ್ತಾ ಅದೆ ಕಣ್ಲಾ" ಎಂದ.

ಇಪ್ಪತ್ತು ವರ್ಷದ ಸ್ನೇಹ. ದಸ್ತಗೀರನಿಗೆ ಅವನ ಮಾತು ತೆಗೆದುಹಾಕಲು ಮನಸ್ಸು ಬರಲಿಲ್ಲ. ನಾಲ್ಕು ಚಕ್ರಗಳನ್ನೂ ಬಿಚ್ಚಿದ, ಗ್ರೀಸು ತುಂಬಿದ, ಮತ್ತೆ ಕೂರಿಸಿದ. ಅಷ್ಟರಲ್ಲಿ ಬಿಸಿಲು ಹುಣಸೆಮರದ ನೆತ್ತಿಗೆ ಬಂದಿತ್ತು. ಎಂಜಿನ್ನು ಚಾಲೂ ಮಾಡಿದರೆ ಕಾರು ಮೊದಲಿನಂತೆಯೇ ಕೂಗಿತು. ನಿಂಗಯ್ಯನ ಮುಖದಲ್ಲಿ ಸಮಾಧಾನ ಕಂಡ ಹಾಗಾಯಿತು. ಬಿಸಿಲಿಗೆ ಹಾಗೆ ಕಂಡಿರಬೇಕೆಂದು ದಸ್ತಗೀರ ಅಂದುಕೊಂಡ.

ಇನ್ನು ಯಾರ ಮಾತೂ ಕೇಳಬಾರದೆಂದು ನಿಶ್ಚಯಿಸಿ ಅವನು ಬೆಲ್ಟನ್ನೇ ಕಳಚಿದ. ಬೆಲ್ಟಿಲ್ಲದ ಎಂಜಿನ್ನು ಸ್ವಲ್ಪ ಹೊತ್ತು ಸದ್ದಿಲ್ಲದೆ ಓಡಿತು. ಹಾಗಾದರೆ ರೋಗ ಪುಲ್ಲಿಗಳದ್ದೇ. ಒಂದೊಂದನ್ನೂ ಬೆರಳಿನಿಂದ ತಿರುಗಿಸಿ ನೋಡಿದ. ಡೈನಮೋದ್ದು ಬೆಣ್ಣೆಯ ಹಾಗೆ ತಿರುಗಿತು. ಪುಟ್ಟ ಪುಲ್ಲಿಗೆ ಬೆರಳು ತಾಕಿಸಿದ್ದೇ ತಡ, ಅದು ಕೀಂಯ್ ಎಂದಿತು. ಅದರೊಳಗಿನ ಗುಂಡುಗಳು ಒಣಗಿ ತುಕ್ಕು ಹಿಡಿದಿದ್ದವು. ದಸ್ತಗೀರನಿಗೆ ಕಳ್ಳ ಸಿಕ್ಕಷ್ಟು ಸಂತೋಷವಾಯಿತು. ಆದರೆ ಒಂದು ಪುಟ್ಟ ಪುಲ್ಲಿ ಒಂದು ಮೈಲಿಯವರೆಗೆ ಕೂಗಲಾರದು, ಅದನ್ನು ಯಾವುದೋ ಹಿಂಸೆ ಮಾಡುತ್ತಿರಬೇಕು. ಬ್ಲೋವರಿನ ಪುಲ್ಲಿ ನೆಟ್ಟಗಿದೆಯೋ ಇಲ್ಲವೋ ನೋಡಲು ಅವನು ನಿಂಗಯ್ಯನ ಹತ್ತಿರ ನೇರ ನೋಡುವ ಮರದ ಪಟ್ಟಿ ಕೇಳಿದ.

ನಿಂಗಯ್ಯ ಒಳಗೆ ಹೋಗಿ ಬಹಳ ಹೊತ್ತು ಹುಡುಕಿ ಒಂದು ಪಟ್ಟಿ ತಂದುಕೊಟ್ಟ. ಅದನ್ನು ಅಡ್ಡ ಹಿಡಿದು ನೋಡಿದರೆ ನಾಲ್ಕು ಪುಲ್ಲಿಗಳೂ ಸೊಟ್ಟಗಿದ್ದವು. ದಸ್ತಗೀರ ಪಟ್ಟಿಯನ್ನು ಹಲಗೆಯ ಮೇಲಿಟ್ಟು ಗೆರೆ ಎಳೆದ, ಮಗುಚಿ ಹಾಕಿ ಮತ್ತೊಂದು ಎಳೆದ. ಎರಡು ಗೆರೆಗಳ ನಡುವೆ ಬೆರಳು ತೂರುವಷ್ಟು ಜಾಗವಿತ್ತು.

"ನಿಂಗಯ್ಯ, ನಿನ್ನ ಪಟ್ಟಿ ಸೊಟ್ಟ."

ಮೂರು ತಲೆಮಾರಿನ ಬಡಗಿ ಅವನು. ಮುಖ ಕಪ್ಪಿಟ್ಟಿತು. ಆದರೂ ನೆಲ ನೋಡಿಕೊಂಡು, "ಊಂ ಕಣ್ಲಾ, ನಮ್ಮನೇಲಿ ಎಲ್ಲಾ ಪಟ್ಟೀನೂ ಸೊಟ್ಟವೇ" ಎಂದುಬಿಟ್ಟ. ಒಬ್ಬ ಬಡಗಿ ತನ್ನ ಬಾಯಿಂದ ತಾನೇ ಹೀಗೆ ಹೇಳಿದ್ದನ್ನು ಕೇಳಿ ದಸ್ತಗೀರನಿಗೆ ನಿಜಕ್ಕೂ ಸಂಕಟವಾಯಿತು. ನಿಂಗಯ್ಯನಿಗೆ ಮೈ ಸರಿಯಿಲ್ಲವೇನೋ ಅಂದುಕೊಂಡ. ಪಟ್ಟಿ ಬಿಟ್ಟು ದಾರ ಕಟ್ಟಿ ನೋಡಿದ. ಬ್ಲೋವರಿನ ಪುಲ್ಲಿ ನಡುತೂತು ಸವೆದು, ಒಂದು ಉಗುರಿನ ದಪ್ಪದಷ್ಟು ಆಚೆ ವಾಲಿತ್ತು. ಬೆಲ್ಟು ಅಲ್ಲಿಂದ ಓರೆಯಾಗಿ ಬಂದು ಪುಟ್ಟ ಪುಲ್ಲಿಯ ಕಿವಿ ಹಿಂಡುತ್ತಿತ್ತು. ರೋಗ ಒಂದಲ್ಲ, ಎರಡು.

ಕೆಟ್ಟು ಮೂಲೆ ಸೇರಿದ ಲಾರಿಯೊಂದರ ಪುಲ್ಲಿಗಳನ್ನು ಅವನು ಎರಡು ವರ್ಷದಿಂದ ಸೀಮೆಎಣ್ಣೆ ಡಬ್ಬದಲ್ಲಿ ಜೋಪಾನ ಮಾಡಿದ್ದ. ಅದರಲ್ಲಿ ಎರಡು ಅಳತೆಗೆ ಅಳತೆ ಕೂಡಿದವು. ಪುಟ್ಟದನ್ನು ಹಾಕಿ ಮುಗಿಸಿದ. ಹಳೆಯದನ್ನು ಮೂಲೆಗೆಸೆದ. ಬ್ಲೋವರಿಗೆ ಹಾಕಬೇಕಾದ ದೊಡ್ಡದನ್ನು ಒರೆಸಿ ಮೇಜಿನ ಮೇಲಿಟ್ಟು ಕೈತೊಳೆಯುವಾಗ ಅಕ್ಕಿ ಗಿರಣಿಯ ಕರಿಯಯ್ಯ ಟವೆಲು ಹೆಗಲ ಮೇಲೆ ಹಾಕಿಕೊಂಡು ಬಂದ. ಗಿರಣಿಯ ಬೆಲ್ಟು ನೋಡಿಕೊಳ್ಳುವವನು ಅವನೇ.

"ದಸ್ತಗೀರಣ್ಣ, ಬೆಲ್ಟು ಕೂಗಿದ್ರೆ ಅರಳೆಣ್ಣೆ ಉಯ್ದುಬುಡು. ಎಲ್ಡು ಸೇರು ಉಯ್ದುಬುಡು."

"ಜಾರಿಹೋಯ್ತದಲ್ಲಯ್ಯ! ಗಿರಣೀಲಿ ನೀನು ಹಂಗೇ ಮಾಡ್ತೀಯಾ?"

"ನಮ್ಮ ಗಿರಣಿ ಬುಡು, ಅದು ಗಿರಣಿ. ಇದು ಕಾರು" ಎಂದು ಕರಿಯಯ್ಯ ಮೇಜಿಗೆ ಒರಗಿ ನಿಂತು ಆಕಾಶ ನೋಡಿದ. ಮಳೆ ಬರಬಹುದು ಎಂದ. ಸ್ವಲ್ಪ ಹೊತ್ತು ನಿಂತು ಹೊರಟುಹೋದ.

ಅಷ್ಟರಲ್ಲಿ ಜೈನಾಬ್ ಬೀ ಬುತ್ತಿ ತಂದಳು. ದಸ್ತಗೀರ ಉಣ್ಣುತ್ತಾ ಸಂತೋಷದಿಂದ, "ಇನ್ನೊಂದೇ ಪುಲ್ಲಿ ಜೈನಾಬ್. ಸಾಹೇಬ್ರು ಮಂಡ್ಯಕ್ಕೋಗಿ ಪರ್ಮಿಟ್ಟು ತರ್ತಾವ್ರೆ. ರುಜು ಹಾಕ್ಸಿಕೊಂಡೇ ಸಂಜೆ ಮನೆಗೆ ಬತ್ತೀನಿ. ಐವತ್ತು ಸೇರು!" ಎಂದ. ಸಾಹೇಬರೇ ಮನೆ ನೋಡಲು ಬರುವ ಸಂಗತಿ ಅವನ ಬಾಯಿಗೆ ಬರಲಿಲ್ಲ. ಹೊಟ್ಟೆಯಲ್ಲಿ ಮಾತು ನಿಲ್ಲದವನು ಆ ಒಂದು ಮಾತನ್ನು ಮರೆತ. ಬರಿಯ ಮಡಕೆ ನೋಡಿ ಹೋಗುವುದು ಅವನ ಪಾಲಿಗೆ ಒಂದು ಸಂಗತಿಯೇ ಆಗಿರಲಿಲ್ಲ.

"ಪರ್ಮಿಟ್ಟು ಕಾಗದ ಅಲ್ವಾ?" ಎಂದಳು ಜೈನಾಬ್ ಬೀ. "ಕಾಗದ ಬೇಯ್ತದಾ?"

"ಏನಂದೆ?"

"ಅಜೀ, ನನ್ನ ಮಾತು ಕೇಳಿ. ಈ ಕಾರು ಭಾನ್ವಾರದಗಂಟ ಹಿಂಗೇ ಇರ್ಲಿ. ಕೂಗಿದ್ರೆ ನಿಮಗೇನು?"

ದಸ್ತಗೀರನ ಕೈಯಲ್ಲಿದ್ದ ತುತ್ತು ಕೈಯಲ್ಲೇ ನಿಂತಿತು. ಬೆಳಗಿನಿಂದ ಯಾರಿಗೂ ಅವನ ಕೈಗುಣದ ಮೇಲೆ ನಂಬಿಕೆಯಿರಲಿಲ್ಲ. ಈಗ ಮನೆಯವಳಿಗೂ ಇಲ್ಲ. ಅವನಿಗೆ ಅಳು ಬರುವಷ್ಟು ಬೇಸರವಾಯಿತು. "ನನ್ನ ಮಗಳ ಮದ್ವೆ ಅನ್ನ ನಾನೇ ಸಂಪಾದ್ನೆ ಮಾಡ್ತೀನಿ. ಮದ್ದೂರೆಲ್ಲಾ ಬಂದು ಬ್ಯಾಡ ಅಂದ್ರೂ ಮಾಡ್ತೀನಿ" ಎಂದ.

ಜೈನಾಬ್ ಬೀ ಏನೋ ಹೇಳಲು ಬಾಯಿ ತೆರೆದಳು. ಗಂಡನ ಮುಖವನ್ನು ಒಂದು ಸಲ ನೋಡಿದಳು, ರಸ್ತೆಯಾಚೆ ದೇವೀರಮ್ಮನ ಹೋಟೆಲನ್ನು ನೋಡಿದಳು. ಮತ್ತೆ ಬಾಯಿ ಮುಚ್ಚಿ, ಬುತ್ತಿಯ ಪಾತ್ರೆ ಕಟ್ಟಿಕೊಂಡು ಹೋದಳು.

ಕೈತೊಳೆದು ಬಂದು ನೋಡಿದರೆ ಮೇಜಿನ ಮೇಲೆ ದೊಡ್ಡ ಪುಲ್ಲಿ ಇರಲಿಲ್ಲ.

ಅವನು ಷೆಡ್ಡನ್ನೆಲ್ಲ ತಿರುವಿ ಹಾಕಿದ. ಡಬ್ಬಗಳನ್ನು ಮಗುಚಿದ. ಕಾರಿನ ಕೆಳಗೆ ತೆವಳಿದ. ಹುಣಸೆಮರದ ಪೊಟರೆಗೂ ಕೈಹಾಕಿ ನೋಡಿದ. ಎರಡು ಗಂಟೆಯಾಯಿತು, ಮೂರಾಯಿತು. ಮಹದೇವಯ್ಯನವರ ಬಸ್ಸು ಐದೂವರೆಗೆ. ಅರವತ್ತು ಜನ ಚನ್ನಪಟ್ಟಣದಲ್ಲಿ ಬಟ್ಟೆ ಮಡಿಸಿಡುತ್ತಿರುವುದು, ಶಮೀಮ್ ಬಾನು ಮೂಲೆಯಲ್ಲಿ ಕೂತು ತಲೆ ಬಗ್ಗಿಸಿರುವುದು ಅವನ ಕಣ್ಣಿಗೆ ಕಟ್ಟಿತು. ನಿಂಗಯ್ಯನನ್ನು ಕೇಳೋಣವೆಂದರೆ ಅವನ ಷೆಡ್ಡಿಗೆ ಬೀಗ. ಗಂಟಲು ಒಣಗಿ ದೇವೀರಮ್ಮನ ಹೋಟೆಲಿಗೆ ಹೋದರೆ, ಎಂದೂ ದೀಪ ಹಚ್ಚುವ ಮೊದಲು ಮುಚ್ಚದ ಹೋಟೆಲು ಅಂದು ನಾಲ್ಕು ಗಂಟೆಗೇ ಮುಚ್ಚಿತ್ತು.

ನೀರಿನ ಮಡಕೆ ಜಗಲಿಯ ಮೂಲೆಯಲ್ಲಿ, ಚಾಪೆಯ ಮರೆಯಲ್ಲಿ ಇರುವುದು ಅವನಿಗೆ ಗೊತ್ತಿತ್ತು. ಚಾಪೆ ಸರಿಸಿದ. ಮಡಕೆಯ ಪಕ್ಕದಲ್ಲಿ ಇಡ್ಲಿ ಹಿಟ್ಟಿನ ಪಾತ್ರೆಯಿತ್ತು. ಪಾತ್ರೆಯ ಮೇಲೆ ಮುಚ್ಚಳ, ಮುಚ್ಚಳ ಜಾರದಂತೆ ಭಾರಕ್ಕೆ ಅವನ ಪುಲ್ಲಿ.

ದಸ್ತಗೀರನಿಗೆ ಸಿಟ್ಟು ಬರಲಿಲ್ಲ. ಯಾವುದೋ ನಾಯಿ ಎಳೆದು ತಂದು ಬೀದಿಗೆ ಹಾಕಿರಬೇಕು, ಪಾಪ ದೇವೀರಮ್ಮ ಕಲ್ಲೆಂದು ತಿಳಿದು ಎತ್ತಿಟ್ಟುಕೊಂಡಿರಬೇಕು ಎಂದುಕೊಂಡ. ಪುಲ್ಲಿ ತೆಗೆದುಕೊಂಡು, ಹಿಟ್ಟು ಬೆಕ್ಕಿನ ಪಾಲಾಗದಿರಲೆಂದು ಅದೇ ತೂಕದ ಒಂದು ಕಲ್ಲನ್ನು ಅಲ್ಲಿಟ್ಟ. ನೀರು ಕುಡಿಯುವುದನ್ನು ಮರೆತು ಓಡಿದ.

ಐದೂವರೆಯ ಬಸ್ಸು ಬಂದಾಗ ಅವನು ಕೊನೆಯ ನಟ್ಟು ಬಿಗಿ ಮಾಡುತ್ತಿದ್ದ. ಮಹದೇವಯ್ಯನವರು ಅಭ್ಯಾಸದಂತೆ ಕಿವಿಗೆ ಹತ್ತಿ ಇಟ್ಟುಕೊಂಡು ಕಾರು ಹತ್ತಿದರು. ಚಾಲೂ ಮಾಡಿದರು. ಏನೂ ಕೇಳಿಸಲಿಲ್ಲ. ಹತ್ತಿ ತೆಗೆದರು. ಆಗಲೂ, ದೂರದಲ್ಲಿ ಬೀಸುಕಲ್ಲು ತಿರುಗಿದಷ್ಟು ಸದ್ದು ಬಿಟ್ಟರೆ, ಏನೂ ಕೇಳಿಸಲಿಲ್ಲ. ಅವರು ಸ್ಟಿಯರಿಂಗಿನ ಮೇಲೆ ಕೈಯಿಟ್ಟುಕೊಂಡು ಹುಣಸೆಮರದ ಕಡೆ ಕಿವಿಗೊಟ್ಟರು.

"ಮೂರು ವರ್ಷ ದಸ್ತಗೀರ್" ಎಂದರು. "ಮೂರು ವರ್ಷದ ಮೇಲೆ ಹಕ್ಕಿಗಳ ದನಿ ಕೇಳುತ್ತಿದ್ದೇನೆ."

ದಸ್ತಗೀರನ ಕಣ್ಣು ತುಂಬಿ ಬಂತು. ಅವನ ಕೆಲಸಕ್ಕೆ ಅಷ್ಟು ದೊಡ್ಡ ಮರ್ಯಾದೆ ಯಾರೂ ಕೊಟ್ಟಿರಲಿಲ್ಲ.

"ಪರ್ಮಿಟ್ಟು ತಂದಿದ್ದೇನೆ. ಹತ್ತಿ, ನಿಮ್ಮ ಮನೆಗೆ ಹೋಗೋಣ."

ಹೊಳೆಯ ಕಡೆಗೆ ಇಳಿಯುವ ಬೀದಿಯಲ್ಲಿ ಕಾರು ನೀರಿನ ಮೇಲೆ ತೆಪ್ಪ ಹೋದಂತೆ ಹೋಯಿತು. ತಿರುವಿನಲ್ಲಿ ಯಾರೋ ತಲೆಯ ಮೇಲೆ ಗಂಟು ಹೊತ್ತು ನಡೆಯುತ್ತಿದ್ದರು. ಮಹದೇವಯ್ಯನವರು ಹಾರನ್ನಿಗೆ ಕೈಹಾಕಿದಾಗ ದಸ್ತಗೀರ, "ಬ್ಯಾಡಿ ಸಾಹೇಬ್ರೇ, ಹಾರನ್ ಹೊಡೀಬ್ಯಾಡಿ. ಸದ್ದಿಲ್ದೆ ಹೋಗಿ ಮನೆಯೋರ ಮುಂದೆ ನಿಲ್ಸಿ. ನನ್ನ ಹೆಂಡ್ತಿ ನೋಡ್ಲಿ" ಎಂದು ಬೇಡಿಕೊಂಡ. ಮಹದೇವಯ್ಯನವರು, ಅಪರೂಪಕ್ಕೆ, ಮುಗುಳ್ನಕ್ಕರು. ಗಂಟು ಹೊತ್ತವನು ತಿರುಗಿಯೂ ನೋಡಲಿಲ್ಲ. ಹಿಂದಿನಿಂದ ನಿಂಗಯ್ಯನ ಹಾಗೆ ಕಂಡ.

ಕಾರು ದಸ್ತಗೀರನ ಮನೆಯ ತೆರೆದ ಅಂಗಳದ ಒಳಗೇ ಹೋಗಿ ನಿಂತಿತು. ಅಂಗಳದಲ್ಲಿ ಚಾಪೆ ಹಾಸಿತ್ತು. ಸುತ್ತ ಬೀದಿಯ ಅರ್ಧ ಹೆಂಗಸರು ಕೂತಿದ್ದರು. ಎಲ್ಲರ ಪಕ್ಕದಲ್ಲಿ ಒಂದೊಂದು ಬರಿದಾದ ಚೀಲ, ಕುಕ್ಕೆ, ಮಡಿಲು. ನಡುವೆ ಅಕ್ಕಿಯ ರಾಶಿ, ಎಲ್ಲರ ಕಣ್ಣೂ ಅದರ ಮೇಲೆ. ದೇವೀರಮ್ಮ ಕಾರಿಗೆ ಬೆನ್ನು ಹಾಕಿ ಕೂತು ಸೇರಿನಿಂದ ಅಳೆದು ಅಳೆದು ಜೈನಾಬ್ ಬೀ ಹಿಡಿದ ಮೂಟೆಗೆ ಸುರಿಯುತ್ತಿದ್ದಳು. ಒಂದು ಎನ್ನುವ ಬದಲು ಲಾಭ ಎಂದು ಶುರು ಮಾಡಿದ ಎಣಿಕೆ ಕೊನೆಗೆ ಬಂದಿತ್ತು.

"ನಲವತ್ತೊಂಬತ್ತು... ಐವತ್ತು. ತಗಳಮ್ಮ, ನಿನ್ನ ಮಗಳ ಮದ್ವೆ ಆಯ್ತು. ನಿನ್ನ ಗಂಡಂಗೆ ಮಾತ್ರ ಯೋಳ್ಬ್ಯಾಡ" ಎಂದು ದೇವೀರಮ್ಮ ಸೇರು ಕೆಳಗಿಟ್ಟು ತಿರುಗಿದಳು.

ಯಾರೂ ಅಲುಗಾಡಲಿಲ್ಲ. ಮಹದೇವಯ್ಯನವರು ಕೆಳಗಿಳಿದು ಮೂಟೆಯ ಹತ್ತಿರ ಹೋಗಿ ನಿಂತರು. ಅವರ ಮುಖದಲ್ಲಿ ಕೋಪವಿರಲಿಲ್ಲ, ದುಃಖವಿತ್ತು.

"ಮೂರು ವರ್ಷದಲ್ಲಿ ಈ ತಾಯಿಯ ಹತ್ತು ಸೇರು ಬಿಟ್ಟರೆ ಈ ಭಾಗದಲ್ಲಿ ನನಗೆ ಒಂದು ಕಾಳೂ ಸಿಕ್ಕಿಲ್ಲ. ಇಲ್ಲಿಯ ಜನ ಪ್ರಾಮಾಣಿಕರು ಎಂದು ಪ್ರತಿ ವರ್ಷ ವರದಿ ಬರೆದಿದ್ದೇನೆ" ಎಂದರು. ಆಮೇಲೆ ಪರ್ಮಿಟ್ಟು ತೆಗೆದು, ಓದಿ, ಮತ್ತೆ ಮಡಿಸಿದರು. "ಮನೆಯಲ್ಲಿ ಅಕ್ಕಿ ಇರುವವರಿಗೆ ಪರ್ಮಿಟ್ಟು ಕೊಡುವ ಹಾಗಿಲ್ಲ. ಈ ಐವತ್ತು ಸೇರು ಸರ್ಕಾರಕ್ಕೆ ಸೇರಬೇಕು. ಇದು ಹೋದ ಮೇಲೆ ನಿಮ್ಮ ಮನೆಯಲ್ಲಿ ಅಕ್ಕಿ ಇರುವುದಿಲ್ಲ. ಆಗ ಹೊಸದಾಗಿ ಅರ್ಜಿ ಹಾಕಬಹುದು. ಒಂದು ತಿಂಗಳು ಆಗುತ್ತೆ."

"ಸಾಹೇಬ್ರೇ, ಭಾನ್ವಾರ..." ಎಂದ ದಸ್ತಗೀರ.

"ಗೊತ್ತು ದಸ್ತಗೀರ್. ನನಗೂ ಹೆಣ್ಣುಮಕ್ಕಳಿದ್ದಾರೆ" ಎಂದರು ಅವರು. ಅವರ ದನಿ ನಿಜವಾಗಿಯೂ ಒದ್ದೆಯಾಗಿತ್ತು. ಆದರೆ ಮೂಟೆ ಕಾರಿನ ಹಿಂದಿನ ಸೀಟು ಸೇರಿತು. ಹೊರಡುವಾಗ ಅವರು ಕಿಟಕಿಯಿಂದ ತಲೆ ಹೊರಹಾಕಿ, "ಕೆಲಸ ಮಾತ್ರ ಬಹಳ ಚೆನ್ನಾಗಿ ಮಾಡಿದ್ದೀರಿ. ನಾಳೆ ಕೊಕ್ಕರೆ ಬೆಳ್ಳೂರು, ನಾಡಿದ್ದು ದುದ್ದ. ನಿಮ್ಮ ಹೆಸರು ಎಲ್ಲ ಕಡೆ ಹೇಳುತ್ತೇನೆ" ಎಂದರು.

ಕಾರು ಹೋದದ್ದು ಯಾರಿಗೂ ಕೇಳಿಸಲಿಲ್ಲ.

ಅಂಗಳದಲ್ಲಿ ಯಾರೂ ದಸ್ತಗೀರನನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಕಾರು ಮರೆಯಾಗುವವರೆಗೆ ತಿರುವಿನಲ್ಲಿ ಅಡಗಿ ನಿಂತಿದ್ದ ನಿಂಗಯ್ಯ ಅಷ್ಟು ಹೊತ್ತಿಗೆ ಬಂದ. ಬರಿದಾದ ಚಾಪೆ ನೋಡಿ, ತಲೆಯ ಮೇಲಿನ ಐದು ಸೇರಿನ ಗಂಟನ್ನು ಇಳಿಸದೆ ಹಾಗೇ ನಿಂತ. ಅವನ ಹಿಂದೆಯೇ ಕರಿಯಯ್ಯನೂ ಬಂದ.

"ಜೈನಾಬ್, ನಂಗೊಂದು ಮಾತು ಹೇಳ್ಬಾರ್ದಾಗಿತ್ತಾ?" ಎಂದ ದಸ್ತಗೀರ.

"ನಿಮಗೆ ಹೇಳಿದ್ರೆ ಸಾಹೇಬ್ರಿಗೆ ಹೇಳಿದಂಗೇ ಅಲ್ವಾ" ಎಂದಳು ಜೈನಾಬ್ ಬೀ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಸುಸ್ತಿತ್ತು. ಒಳಗಿನಿಂದ ಶಮೀಮ್ ಬಾನು ಬಿಕ್ಕುವುದು ಕೇಳಿಸಿತು.

"ಪುಲ್ಲಿ ಕದ್ದೋನು ನಾನೇ ಕಣಣ್ಣ. ಸಾಹೇಬ್ರು ಎಲ್ಲವ್ರೆ ಅಂತ ನಮಗೆ ಯೋಳ್ತಿದ್ದದ್ದು ಆ ಕೂಗೊಂದೇ" ಎಂದ ಕರಿಯಯ್ಯ.

ದಸ್ತಗೀರ ನಿಂಗಯ್ಯನ ಕಡೆ ನೋಡಿದ. ಸೊಟ್ಟ ಪಟ್ಟಿಯ ನೆನಪಾಯಿತು. ತನ್ನ ಮಗಳ ಮದುವೆಯ ಅನ್ನಕ್ಕಾಗಿ ಒಬ್ಬ ಬಡಗಿ ತನ್ನ ಮೂರು ತಲೆಮಾರಿನ ಮಾನವನ್ನು ಬೀದಿಯಲ್ಲಿ ಬಿಟ್ಟಿದ್ದ. ತಾನು ಅವನಿಗೆ ಮೈ ಸರಿಯಿಲ್ಲ ಎಂದುಕೊಂಡಿದ್ದ. ದಸ್ತಗೀರನಿಗೆ ತಲೆಯೆತ್ತಲಾಗಲಿಲ್ಲ.

ದೇವೀರಮ್ಮನೇ ಮೊದಲು ಸೆರಗು ಕೊಡವಿ ಎದ್ದಳು. "ಓದದ್ದು ಓಯ್ತು. ಭಾನ್ವಾರಕ್ಕೆ ಇನ್ನೂ ಮೂರು ದಿನ ಅದೆ. ಇನ್ನೊಂದು ದಪ ಒಂದೊಂದು ಸೇರು ಕೊಡೋಕೆ ನಮ್ಗೇನು ಬಡತನ ಬಂದಿಲ್ಲ. ಆದ್ರೆ ಆ ಕಾರು ಬರೋದು ನಮ್ಗೆ ಎಂಗೆ ಗೊತ್ತಾಗ್ಬೇಕು ಸಾಬ್ರೇ? ಅದ ಯೋಳಿ."

ಕರಿಯಯ್ಯ ಟವೆಲಿನ ಗಂಟು ಬಿಚ್ಚಿ ಒಂದು ಪುಟ್ಟ ಪುಲ್ಲಿ ತೆಗೆದ. ಮಧ್ಯಾಹ್ನ ದಸ್ತಗೀರ ಮೂಲೆಗೆಸೆದಿದ್ದ, ತುಕ್ಕು ಹಿಡಿದ ಹಳೆಯ ಪುಲ್ಲಿ. "ಬತ್ತಾ ನಿನ್ನ ಷೆಡ್ಡಿಂದ ಎತ್ಕಬಂದೆ ಕಣಣ್ಣ. ಇದ ತಿರ್ಗಾ ಆಕ್ಬುಡೋಕೆ ಆಗಲ್ವಾ?"

ದಸ್ತಗೀರ ಅದನ್ನು ಕೈಗೆ ತೆಗೆದುಕೊಂಡ. "ಹಾಕ್ಬೇಕಾದ್ರೆ ಕಾರು ಕೆಟ್ಟು ನನ್ನ ಹತ್ರ ಬರಬೇಕಲ್ಲ" ಎಂದ. "ನಾನು ಮಾಡಿರೋ ಕೆಲಸ ಹತ್ತು ವರ್ಷ ಕೆಡಲ್ಲ." ತನ್ನ ಜೀವನದಲ್ಲಿ ಆ ಮಾತನ್ನು ಅವನು ಅಷ್ಟು ದುಃಖದಿಂದ ಎಂದೂ ಹೇಳಿರಲಿಲ್ಲ.

ಕತ್ತಲಾಗುತ್ತಿತ್ತು. ಏನು ಮಾಡಬೇಕೆಂದು ತೋಚದೆ ಅವನು ಪುಲ್ಲಿಯ ನಡುವೆ ಹೆಬ್ಬೆರಳು ತೂರಿಸಿ, ಇನ್ನೊಂದು ಕೈಯಿಂದ ಅದನ್ನು ಬಲವಾಗಿ ತಿರುಗಿಸಿದ.

ಕೀಂಯ್ ಎಂದಿತು ಪುಲ್ಲಿ.

ಮೂರು ವರ್ಷದ ಅಭ್ಯಾಸ ಯಾರ ಬುದ್ಧಿಯನ್ನೂ ಕೇಳಲಿಲ್ಲ. ದೇವೀರಮ್ಮ ಸೇರನ್ನು ಸೆರಗಿನೊಳಗೆ ಹಾಕಿಕೊಂಡು ಹಿತ್ತಲಿಗೆ ನುಗ್ಗಿದಳು. ಹೆಂಗಸರು ಚೀಲ ಕುಕ್ಕೆ ಬಾಚಿಕೊಂಡು ದಿಕ್ಕಿಗೊಬ್ಬರಂತೆ ಓಡಿದರು. ನಿಂಗಯ್ಯ ಉಳಿದ ಐದು ಸೇರಿನ ಗಂಟಿನ ಸಮೇತ ಹೊಳೆಯ ಕಡೆ ಇಳಿದು ಮಾಯವಾದ. ಪುಲ್ಲಿಯನ್ನು ತಂದುಕೊಟ್ಟ ಕರಿಯಯ್ಯನೇ ಎಲ್ಲರಿಗಿಂತ ಮೊದಲು ಗೋಡೆ ಹಾರಿದ್ದ. ಮನೆಯೊಳಗೆ ದೀಪ ಆರಿತು, ಬಾಗಿಲು ಮುಚ್ಚಿ ಚಿಲಕ ಬಿತ್ತು.

ಬರಿದಾದ ಅಂಗಳದಲ್ಲಿ ದಸ್ತಗೀರ ಒಬ್ಬನೇ ನಿಂತಿದ್ದ. ಹೋಗಿ ಬಾಗಿಲು ತಟ್ಟಿದ.

ಒಳಗಿನಿಂದ ಜೈನಾಬ್ ಬೀಯ ದನಿ ಬಂತು. ಪ್ರತಿ ಸಲವೂ ಹೇಳಿ ಹೇಳಿ ಬಾಯಿಪಾಠವಾದ ಮಾತು. "ನಮ್ಮನೇಲಿ ಒಂದು ಕಾಳೂ ಇಲ್ಲ ಸಾಹೇಬ್ರೇ!"

ಆ ಹೊತ್ತಿಗೆ ಅದು ನಿಜವೂ ಆಗಿತ್ತು.